ಕೆಲಸ ಹೋದವರ ಊರು

1928ರ ಜನವರಿ 5ರಂದು ಕೊಲಾಬಾದಿಂದ ಬೊರಿವಲಿಯವರೆಗೆ ಮೊದಲ ವಿದ್ಯುತ್ ರೈಲು ಓಡಿದಾಗ ಗೋರೆಗಾಂವ್ ಇನ್ನೂ ಹಳ್ಳಿಯಾಗಿತ್ತು. ಹಳಿಯ ಎರಡೂ ಬದಿಗೆ ಭತ್ತದ ಗದ್ದೆಗಳು, ಮೂಡಣಕ್ಕೆ ಆರೆಯ ಗುಡ್ಡ, ಪಡುವಣಕ್ಕೆ ಪಹಾಡಿಯ ವಾಡಿಗಳು, ಅದರಾಚೆ ಖಾರಿಯ ಉಪ್ಪುನೀರು. ಸಂಜೆಯಾದರೆ ಎಮ್ಮೆಗಳು ತಬೇಲಾಕ್ಕೆ ಮರಳುತ್ತಿದ್ದವು. ಆದರೆ ಆ ರೈಲು ಹತ್ತಿದವನು ಒಂದು ಗಂಟೆಯೊಳಗೆ ಇನ್ನೊಂದು ಲೋಕದಲ್ಲಿ ಇಳಿಯುತ್ತಿದ್ದ. ದಾದರ್ ದಾಟಿದರೆ ಪರೇಲ್, ಲಾಲ್‌ಬಾಗ್, ವರ್ಲಿಗಳ ಗಿರಣಿ ಚಿಮಣಿಗಳು, ನಸುಕಿನ ಭೋಂಗಾ ಕೇಳಿ ಚಾಳಿನ ಮೆಟ್ಟಿಲಿಳಿದು ಓಡುವ ಸಾವಿರ ಸಾವಿರ ಜನ. ಮುಂಬಯಿ ಆಗ ಅರಳೆಯಿಂದ ಬದುಕುತ್ತಿದ್ದ ನಗರ. ಹಡಗುಕಟ್ಟೆಯ ಹಮಾಲ, ಖಾನಾವಳಿಯ ಒಲೆ, ಮಾರವಾಡಿಯ ಬಡ್ಡಿ, ಭಯ್ಯನ ಹಾಲು ಎಲ್ಲವೂ ಗಿರಣಿಯ ಪಗಾರದ ದಿನವನ್ನೇ ಕಾಯುತ್ತಿದ್ದವು.

ಅದೇ ವರ್ಷ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿ ಕಾಮಗಾರ್ ಯೂನಿಯನ್ನಿನ ಕೆಂಬಾವುಟ ಏರಿದ್ದು ಆಗಲೇ. 1929ರ ಮಾರ್ಚ್‌ನಲ್ಲಿ ಸರಕಾರ ಅದರ ನಾಯಕರನ್ನು ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಹಿಡಿದು ಒಯ್ದಿತು. ಸಂಘಟನೆಯ ಬೆನ್ನು ಹೀಗೆ ಮುರಿದಿದ್ದ ಹೊತ್ತಿನಲ್ಲಿ, ಆ ವರ್ಷದ ಅಕ್ಟೋಬರ್ ಕೊನೆಯ ವಾರ, ನ್ಯೂಯಾರ್ಕಿನ ಶೇರುಪೇಟೆ ಕುಸಿದುಬಿತ್ತು.

ಆ ಕುಸಿತ ಮುಂಬಯಿಯನ್ನು ಮುಟ್ಟಿದ್ದು ಹಳ್ಳಿಯ ದಾರಿಯಾಗಿ. ಎರಡು ಮೂರು ವರ್ಷಗಳಲ್ಲಿ ಭತ್ತ, ಗೋಧಿ, ಹತ್ತಿ, ಸೆಣಬುಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ತೀರ್ವೆ ಮಾತ್ರ ಇಳಿಯಲಿಲ್ಲ, ಸಾಲದ ಬಡ್ಡಿ ಇಳಿಯಲಿಲ್ಲ. ಬೆಳೆ ಮಾರಿ ಕಂದಾಯ ಕಟ್ಟಿದ ರೈತನ ಕೈಯಲ್ಲಿ ಪಂಚೆ ಕೊಳ್ಳುವ ಕಾಸು ಉಳಿಯಲಿಲ್ಲ. ಪಂಚೆ ಕೊಳ್ಳುವವರಿಲ್ಲದೆ ಮುಂಬಯಿಯ ಗೋದಾಮುಗಳಲ್ಲಿ ಬಟ್ಟೆಯ ಗಂಟುಗಳು ಬಿದ್ದುಕೊಂಡವು. ಇದರ ಮೇಲೆ ರೂಪಾಯಿಯ ಬೆಲೆಯ ತೊಡಕು ಬೇರೆ. 1927ರಲ್ಲಿ ಸರಕಾರ ರೂಪಾಯಿಯನ್ನು ಒಂದು ಶಿಲಿಂಗ್ ಆರು ಪೆನ್ಸಿಗೆ ಕಟ್ಟಿಹಾಕಿತ್ತು. ಒಂದು ಶಿಲಿಂಗ್ ನಾಲ್ಕು ಪೆನ್ಸ್ ಸಾಕು, ಇಲ್ಲದಿದ್ದರೆ ಹೊರಗಿನ ಮಾಲು ಅಗ್ಗವಾಗಿ ನಮ್ಮ ಗಿರಣಿ ಮುಚ್ಚುತ್ತದೆ ಎಂದು ಮುಂಬಯಿಯ ಉದ್ಯಮಿಗಳು ಕೂಗಿಕೊಂಡಿದ್ದರು. ಆ ಕೂಗನ್ನು ಲಂಡನ್ ಕೇಳಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತಾನೇ ಚಿನ್ನದ ಮಾನ ಬಿಟ್ಟಿತು. ಚಿನ್ನದ ಬೆಲೆ ಏರಿತು, ಕಷ್ಟದಲ್ಲಿದ್ದ ಹಳ್ಳಿಗಳು ಚಿನ್ನ ಮಾರತೊಡಗಿದವು. ಹೆಂಗಸರ ಕೊರಳಿನ, ಕಿವಿಯ ಒಡವೆ ಝವೇರಿ ಬಜಾರಿಗೆ ಬಂದು ಕರಗಿ ಗಟ್ಟಿಯಾಗಿ ಹಡಗು ಹತ್ತಿತು. ಹಾಗೆ ಹೋದ ಚಿನ್ನದ ಬೆಲೆ ನೂರಾರು ಕೋಟಿ ರೂಪಾಯಿ. ಸಾಮ್ರಾಜ್ಯದ ಲೆಕ್ಕಪುಸ್ತಕ ಅದನ್ನು ರಫ್ತಿನ ಗೆಲುವೆಂದು ಬರೆದುಕೊಂಡಿತು. ಮಗಳ ಮದುವೆಗೆಂದು ಇಟ್ಟದ್ದನ್ನು ತೀರ್ವೆಗೆ ಕರಗಿಸುವುದು ಯಾವ ಲೆಕ್ಕದಲ್ಲೂ ಗೆಲುವಲ್ಲ.

1931ರ ಡಿಸೆಂಬರ್‌ನಲ್ಲಿ ಜಪಾನೂ ಚಿನ್ನದ ಮಾನ ಬಿಟ್ಟಿತು, ಯೆನ್ ಇಳಿಯಿತು, ಜಪಾನಿನ ಬಟ್ಟೆ ಬಂದರಿಗೆ ಬಂದು ಸುರಿಯಿತು. 1933ರಲ್ಲಿ ಬ್ರಿಟಿಷೇತರ ಬಟ್ಟೆಯ ಮೇಲಿನ ಸುಂಕ ಶೇ. 75ಕ್ಕೆ ಏರಿದರೂ ಗಿರಣಿಗಳ ಸ್ಥಿತಿ ಸುಧಾರಿಸಲಿಲ್ಲ. ಒಂದೊಂದಾಗಿ ಪಾಳಿಗಳು ನಿಂತವು. ಇಬ್ಬರ ಮಗ್ಗಗಳನ್ನು ಒಬ್ಬನ ಕೈಗೆ ಕೊಟ್ಟರು. ಪಗಾರ ಕತ್ತರಿಸಿದರು. 1934ರ ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತೊಂದು ದೊಡ್ಡ ಮುಷ್ಕರ ನಡೆದು ಸೋತಿತು. ಮರುತಿಂಗಳೇ ಸರಕಾರ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿತು.

ಆ ದಿನಗಳ ಗಿರಣಿಯ ಗೇಟನ್ನು ಹತ್ತಿರದಿಂದ ನೋಡಬೇಕು. ಕಾಯಂ ಕೆಲಸದವನು ಒಳಹೋದ ಮೇಲೂ ಹೊರಗೆ ಒಂದು ಗುಂಪು ನಿಂತಿರುತ್ತಿತ್ತು. ಅವರು ಬದಲಿಗಳು. ಒಳಗೆ ಯಾರಾದರೂ ಬಾರದಿದ್ದರೆ, ಜ್ವರ ಬಂದು ಮಲಗಿದ್ದರೆ, ಊರಿಗೆ ಹೋಗಿದ್ದರೆ, ಆ ಜಾಗಕ್ಕೆ ಆ ದಿನದ ಮಟ್ಟಿಗೆ ಒಬ್ಬ ಬದಲಿ. ಯಾರನ್ನು ಕರೆಯಬೇಕೆಂಬುದು ಜಾಬರನ ಕೈಯಲ್ಲಿತ್ತು. ಜಾಬರ್ ಎಂದರೆ ಖಾತೆಯ ಮುಕಾದಮ. ಕೆಲಸ ಕೊಡುವವನೂ ಅವನೇ, ಬಿಡಿಸುವವನೂ ಅವನೇ, ಅನೇಕ ಸಲ ಸಾಲ ಕೊಡುವವನೂ ಅವನೇ. ಅವನ ಕೈ ಬಿಸಿ ಮಾಡದೆ ಹೆಸರು ಕೂಗಿಸಿಕೊಳ್ಳುವುದು ಕಷ್ಟವಾಗಿತ್ತು. ಪಾಳಿ ಶುರುವಾಗಿ ಅರ್ಧ ತಾಸು ಕಳೆದರೆ ಗೇಟು ಮುಚ್ಚುತ್ತಿತ್ತು. ಹೆಸರು ಬಾರದವನು ಪಕ್ಕದ ಗಿರಣಿಗೆ ಓಡುತ್ತಿದ್ದ. ಅಲ್ಲಿಯೂ ಅಷ್ಟೇ ದೊಡ್ಡ ಗುಂಪು. 1935ರಲ್ಲಿ ಗಿರಣಿ ಮಾಲೀಕರ ಸಂಘ ಬದಲಿಗಳಿಗೆ ಕಾರ್ಡು ಕೊಡುವ ಪದ್ಧತಿ ತಂದಿತು. ಲೆಕ್ಕಕ್ಕೆ ಒಂದು ಶಿಸ್ತು ಬಂತೇ ಹೊರತು ಗೇಟಿನ ಹೊರಗಿನ ಗುಂಪು ಚದುರಲಿಲ್ಲ. ಇಂಥವನನ್ನು ಉದ್ಯೋಗಿ ಎನ್ನಬೇಕೆ, ನಿರುದ್ಯೋಗಿ ಎನ್ನಬೇಕೆ? ತಿಂಗಳಿಗೆ ಹತ್ತು ದಿನ ದುಡಿದವನ ಹೆಸರು ಹಾಜರಿ ಪಟ್ಟಿಯಲ್ಲಿರುತ್ತಿತ್ತು, ಉಳಿದ ಇಪ್ಪತ್ತು ದಿನದ ಹಸಿವು ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ.

ಈ ನಗರಕ್ಕೆ ನಮ್ಮ ಕನ್ನಡಿಗರು ಬಂದದ್ದು ಹೆಚ್ಚಾಗಿ ದಕ್ಷಿಣ ಕನ್ನಡದ ಕರಾವಳಿಯಿಂದ. ಮೊಗವೀರರು ಹಡಗುಕಟ್ಟೆ, ರೈಲ್ವೆ, ಗಿರಣಿಗಳಲ್ಲಿದ್ದರು. ಬಿಲ್ಲವರು, ಬಂಟರು, ಬ್ರಾಹ್ಮಣರು, ಕೊಂಕಣಿಗರು ಕೋಟೆ ಪ್ರದೇಶದ ಕಚೇರಿಗಳಲ್ಲಿ, ಖಾನಾವಳಿಗಳಲ್ಲಿ, ಚಹಾ ಹೋಟೆಲುಗಳಲ್ಲಿದ್ದರು. ಹತ್ತು ಹನ್ನೆರಡರ ಹುಡುಗರು ಕಪ್ಪು ಬಸಿ ತೊಳೆಯಲು ಬಂದು, ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಬಾಗಿಲು ಹಾಕಿದ ಮೇಲೆ ಹೋಟೆಲಿನ ಮೇಜುಗಳನ್ನೇ ಜೋಡಿಸಿಕೊಂಡು ಮಲಗುತ್ತಿದ್ದರು. ಊರಿಗೆ ಹೋಗುವ ಮುಖ್ಯ ದಾರಿ ಸಮುದ್ರ. ಮಳೆಗಾಲದಲ್ಲಿ ಕರಾವಳಿಯ ಹಡಗು ಸಂಚಾರ ನಿಲ್ಲುತ್ತಿತ್ತು. ಮೇ ತಿಂಗಳ ಕೊನೆಗೆ ಕೆಲಸ ಹೋದವನು ಕಡಲು ಶಾಂತವಾಗುವವರೆಗೆ ಯಾರದೋ ಖೋಲಿಯಲ್ಲಿ ಕಾಯಬೇಕು, ಇಲ್ಲವೇ ಮದರಾಸಿನ ಕಡೆಯಿಂದ ಸುತ್ತಿ ಬರುವ ರೈಲಿಗೆ ದುಡ್ಡು ಹೊಂದಿಸಬೇಕು. ಹೊಂದಿಸಲಾಗದವರಿಗೆ ಖಾನಾವಳಿಯ ಧಣಿ ಒಂದು ಮೂಲೆ ತೋರಿಸುತ್ತಿದ್ದ. ಪಗಾರ ಬೇಡ, ಎರಡು ಹೊತ್ತು ಊಟ ಹಾಕಿ ಅಣ್ಣಾ, ತೊಳೆದು ಕೊಡುತ್ತೇನೆ ಎಂಬ ಮಾತು ಆ ಕಾಲದ ಒಲೆಮನೆಗಳಲ್ಲಿ ಎಷ್ಟು ಸಲ ಕೇಳಿತೋ.

ಮನಿಯಾರ್ಡರು ಆ ಕಾಲದ ನಾಡಿ. ಪಾರಂನ ಕೊನೆಗೆ ಹರಿದು ಕೊಡುವ ಚಿಕ್ಕ ಕೂಪನ್ ಇರುತ್ತಿತ್ತಲ್ಲ, ಅದರಲ್ಲಿ ನಾಲ್ಕು ಸಾಲಿಗಷ್ಟೇ ಜಾಗ. ಎಲ್ಲರೂ ಕ್ಷೇಮ, ಈ ತಿಂಗಳು ಇಷ್ಟೇ ಸಾಧ್ಯವಾಯಿತು, ಮುಂದಿನ ತಿಂಗಳು ನೋಡುವೆ. ಇಷ್ಟನ್ನು ಬರೆದರೆ ಅಂಚು ತಲುಪುತ್ತಿತ್ತು. ಹತ್ತು ರೂಪಾಯಿ ಬರುತ್ತಿದ್ದ ಮನೆಗೆ ಐದು ಬಂತು, ಆಮೇಲೆ ಮೂರು ಬಂತು, ಆಮೇಲೆ ಅಂಚೆಯವ ಬಾಗಿಲ ಮುಂದಿನಿಂದ ಹಾದುಹೋದ. ಕೊನೆಗೆ ಒಂದು ದಿನ ಹಣ ಕಳಿಸುವವನೇ ಟ್ರಂಕು ಹೊತ್ತು ಗದ್ದೆಯ ಬದುವಿನಲ್ಲಿ ನಡೆದು ಬಂದ.

ಅವನಿಗೆ ಊರು ಜಾಗ ಕೊಟ್ಟಿತು. ಬಂಟ, ಬಿಲ್ಲವ, ಮೊಗವೀರ ಮನೆತನಗಳಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿದ್ದ ಕಾಲ. ತಾಯಿಯ ಕುಟುಂಬದ ಆಸ್ತಿ ಒಡೆಯುವಂತಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದವನಿಗೆ ಚಾವಡಿಯ ನೆರಳು, ಗಂಜಿಯ ತಟ್ಟೆ ಹಕ್ಕಾಗಿಯೇ ಇದ್ದವು. ಯಜಮಾನ ಮುಖ ಗಂಟಿಕ್ಕಿಕೊಳ್ಳಬಹುದಿತ್ತು, ಹೊರಗೆ ಹಾಕುವಂತಿರಲಿಲ್ಲ. ಆಸ್ತಿಯಿಲ್ಲದ ಗೇಣಿದಾರನ ಮನೆಯಲ್ಲೂ ಒಂದು ಜೊತೆ ಕೈ ಹೆಚ್ಚಾದರೆ ನಾಟಿಗೆ, ಕೊಯ್ಲಿಗೆ ಬಂತು. ಊಟ ತೆಳುವಾಯಿತು, ಗಂಜಿಯಲ್ಲಿ ಅಗುಳು ಕಡಿಮೆಯಾಯಿತು, ಆದರೆ ಎಲ್ಲರಿಗೂ ಬಡಿಸಲಾಯಿತು.

ಜನಗಣತಿ ಈ ಮರಳುವಿಕೆಯನ್ನು ತನ್ನ ರೀತಿಯಲ್ಲಿ ದಾಖಲಿಸಿತು. 1921ರಲ್ಲಿ ಮುಂಬಯಿ ನಗರದ ಜನಸಂಖ್ಯೆ 11,75,914. ಹತ್ತು ವರ್ಷದ ಬಳಿಕ, 1931ರಲ್ಲಿ, ಅದು 11,61,383. ಹಿಂದುಸ್ತಾನದ ಹೆಬ್ಬಾಗಿಲೆನಿಸಿದ ನಗರ ಬೆಳೆಯುವ ಬದಲು ಕುಗ್ಗಿತ್ತು. ಮುಷ್ಕರಗಳು, ವ್ಯಾಪಾರದ ಮುಗ್ಗಟ್ಟು, ರಾಜಕೀಯದ ಕೋಲಾಹಲ ಎಲ್ಲವೂ ಅದಕ್ಕೆ ಕಾರಣವಿರಬೇಕು. ಕೆಲಸ ಕಳೆದುಕೊಂಡವರು ನಗರದ ಲೆಕ್ಕದಿಂದ ಹೊರಬಿದ್ದು ಹಳ್ಳಿಗಳ ಲೆಕ್ಕಕ್ಕೆ ಸೇರಿಕೊಂಡಿದ್ದರು.

ಇದೇ ವರ್ಷ, 1931ರಲ್ಲಿ, ಜೆ.ಎಚ್. ವಿಟ್ಲೆಯವರ ಅಧ್ಯಕ್ಷತೆಯ ಕಾರ್ಮಿಕ ರಾಯಲ್ ಕಮಿಷನ್ ತನ್ನ ವರದಿ ಕೊಟ್ಟಿತು. ಭಾರತದ ಕಾರ್ಮಿಕ ಚರಿತ್ರೆಯಲ್ಲಿ ಅದು ದೊಡ್ಡ ದಾಖಲೆ; ಜಾಬರರ ಲಂಚ, ಕೊಳಕು ಚಾಳು, ಸಾಲದ ಉರುಳು ಎಲ್ಲವನ್ನೂ ಆಯೋಗ ಕಣ್ಣಾರೆ ಕಂಡು ಬರೆಯಿತು. ಆದರೆ ನಿರುದ್ಯೋಗ ವಿಮೆಯ ಪ್ರಶ್ನೆ ಬಂದಾಗ, ಇಡೀ ದೇಶಕ್ಕೆ ಅಂಥ ಯೋಜನೆ ಸದ್ಯಕ್ಕೆ ಕಾರ್ಯಸಾಧ್ಯವಲ್ಲವೆಂದಿತು. ಕಾರ್ಮಿಕನಿಗೂ ಹಳ್ಳಿಗೂ ಇರುವ ನಂಟು ಒಂದು ಸಂಪತ್ತು, ಅದನ್ನು ಉಳಿಸಿಕೊಳ್ಳಬೇಕು ಎಂದೂ ಹೇಳಿತು. ನನ್ನ ಮಟ್ಟಿಗೆ ಈ ಕಥನದ ಕೀಲು ಇಲ್ಲಿದೆ. ಸಿರಿವಂತ ನಗರವೊಂದು ದುಡಿಸಿಕೊಂಡ ಜನರನ್ನು ದುಡಿಮೆಯಿಲ್ಲದ ದಿನ ಸಾಕುವ ಹೊಣೆಯನ್ನು, ಬೆಲೆ ಕುಸಿದು ತಾವೇ ನೆಲಕಚ್ಚಿದ ಹಳ್ಳಿಗಳ ತಲೆಗೆ ಹೊರಿಸಲಾಯಿತು. ಕಂತು ಕಟ್ಟದೆ ಪಡೆದ ವಿಮೆಯಂತೆ ಸರಕಾರ ನಮ್ಮ ಊರುಗಳನ್ನು ಬಳಸಿಕೊಂಡಿತು.

ಊರು ತಲುಪಲಾಗದವರಿಗೆ ಜಾತಿಬಾಂಧವರೂ ನಾಡವರೂ ದಿಕ್ಕಾದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಹುಟ್ಟಿತ್ತು. 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, ಮುಗ್ಗಟ್ಟಿನ ನಡುವೆಯೇ 1932ರಲ್ಲಿ ಬಿಲ್ಲವರ ಎಸೋಸಿಯೇಶನ್. ಇವುಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಕ್ಷಗಾನ, ಪೂಜೆ, ಸನ್ಮಾನಗಳ ಚರಿತ್ರೆಯಾಗಿ ಹೇಳುತ್ತೇವೆ. ಅವುಗಳ ಮೊದಲ ಕೆಲಸ ಬೇರೆಯಿತ್ತು: ಹೊಸದಾಗಿ ಬಂದ ಹುಡುಗನಿಗೆ ಮಲಗಲು ಜಾಗ, ರಾತ್ರಿ ಶಾಲೆಯ ಪಾಠ, ಯಾವ ಹೋಟೆಲಿನಲ್ಲಿ ಜನ ಬೇಕೆಂಬ ಸುದ್ದಿ. ಕರಾವಳಿಯಲ್ಲೂ ಇದೇ ಹೊತ್ತಿಗೆ ಸಣ್ಣವರ ಬ್ಯಾಂಕುಗಳು ಬೇರು ಬಿಟ್ಟವು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಮನೆಬಾಗಿಲಿಗೆ ಹೋಗಿ ಆಣೆಗಳನ್ನು ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭಿಸಿತು. 1931ರ ಅಕ್ಟೋಬರ್ 23ರಂದು, ಬೆಲೆ ಕುಸಿದು ರೈತರು ಸಾಲ ಕೊಡುವವರ ಬಾಗಿಲಲ್ಲಿ ನಿಂತಿದ್ದ ದಿನಗಳಲ್ಲಿ, ಎ.ಬಿ. ಶೆಟ್ಟಿಯವರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದರು. ಮುಗ್ಗಟ್ಟು ಕಲಿಸಿದ ಪಾಠವನ್ನು ಇಷ್ಟು ಬೇಗ ಕೈಗೆತ್ತಿಕೊಂಡ ನಾಡು ವಿರಳ.

ಚೇತರಿಕೆ ಬಂತೇ? ನಿಧಾನವಾಗಿ ಬಂತು. 1930ರ ದಶಕದ ನಡುವಿನಿಂದ ಕೆಲವು ಗಿರಣಿಗಳು ರಾತ್ರಿ ಪಾಳಿ ಶುರುಮಾಡಿದವು, ಸಕ್ಕರೆ, ಸಿಮೆಂಟಿನಂಥ ಹೊಸ ಉದ್ಯಮಗಳು ತಲೆಯೆತ್ತಿದವು. ಆದರೆ ಮುಂಬಯಿಗೆ ಮತ್ತೆ ಕೈತುಂಬ ಕೆಲಸ ಕೊಟ್ಟದ್ದು 1939ರಲ್ಲಿ ಆರಂಭವಾದ ಮಹಾಯುದ್ಧ. 1941ರ ಗಣತಿಯಲ್ಲಿ ನಗರದ ಜನ 14.9 ಲಕ್ಷ. ಹೋದವರು ಮರಳಿದ್ದರು, ಅವರ ಹಿಂದೆ ತಮ್ಮಂದಿರೂ ಬಂದಿದ್ದರು.

ಗೋರೆಗಾಂವಿನ ದೆಸೆ ತಿರುಗಿದ್ದು ಈ ಹೊತ್ತಿನಲ್ಲಿ. 1934ರಲ್ಲಿ ಪಕ್ಕದ ಮಲಾಡಿನಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಬಾಂಬೆ ಟಾಕೀಸ್ ಸ್ಥಾಪಿಸಿದ್ದರು; ಅದರಿಂದ ಒಡೆದು ಹೊರಬಂದ ಶಶಧರ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು 1943ರಲ್ಲಿ ಗೋರೆಗಾಂವಿನಲ್ಲಿ ಫಿಲ್ಮಿಸ್ತಾನ್ ಕಟ್ಟಿದರು. 1951ರ ಮಾರ್ಚ್ 4ರಂದು ನೆಹರೂ ಆರೆ ಹಾಲಿನ ಕಾಲೊನಿಯನ್ನು ಉದ್ಘಾಟಿಸಿದರು. ಊರ ನಡುವಿನ ತಬೇಲಾಗಳು ಗುಡ್ಡದ ಕಡೆಗೆ ಸರಿದವು. 1957ರಲ್ಲಿ ಗೋರೆಗಾಂವ್ ಮುಂಬಯಿ ನಗರಪಾಲಿಕೆಗೆ ಸೇರಿತು. 1963ರಲ್ಲಿ ನೆಹರೂ ಮತ್ತೆ ಬಂದು ಸೀಬಾ ಸಂಶೋಧನಾ ಕೇಂದ್ರದ ಬಾಗಿಲು ತೆರೆದರು. ಹೆದ್ದಾರಿಯ ಬದಿಗೆ ನೆಸ್ಕೋದ ಎಂಜಿನಿಯರಿಂಗ್ ಕಾರ್ಖಾನೆ, ನೈಲಾನ್ ನೂಲು ತೆಗೆಯುವ ನಿರ್ಲಾನ್, ಸೋನಾವಾಲಾ ರಸ್ತೆಯ ಗಾಲೆಗಳೆಂಬ ಸಣ್ಣ ಕಾರ್ಖಾನೆ ಕೋಣೆಗಳು, ಎಸ್.ವಿ. ರಸ್ತೆಯ ಉದ್ಯೋಗನಗರ. ಗದ್ದೆ ಹೋಯಿತು, ಶೆಡ್ಡು ಬಂತು, ಶೆಡ್ಡಿನ ಬೆನ್ನಿಗೆ ಚಾಳು, ಚಾಳಿನ ಬಾಯಿಗೆ ಉಡುಪಿ ಹೋಟೆಲು.

ನೀರು ಮಾತ್ರ ಬರಲಿಲ್ಲ. ಗ್ರಾಮಪಂಚಾಯತಿಯ ಕಾಲದಿಂದಲೇ ಗೋರೆಗಾಂವಿನಲ್ಲಿ ದುಡಿದ ಸಮಾಜವಾದಿ ಮೃಣಾಲ್ ಗೋರೆ 1961ರಲ್ಲಿ ನಗರಪಾಲಿಕೆಗೆ ಆರಿಸಿ ಬಂದು ನಳ್ಳಿಗಾಗಿ ಹೋರಾಡಿ, ಪಾನಿವಾಲಿ ಬಾಯಿ ಎಂದೇ ಹೆಸರಾದರು. 1972ರಲ್ಲಿ ಬರಗಾಲ, ಮರುವರ್ಷ ಅರಬ್ ದೇಶಗಳ ಎಣ್ಣೆ ಬಂದ್, ಬೆಲೆ ಏರಿಕೆ. ಅಹಿಲ್ಯಾ ರಾಂಗಣೇಕರ್ ಮತ್ತು ಮೃಣಾಲ್ ಗೋರೆಯವರ ಮುಂದಾಳ್ತನದಲ್ಲಿ ಲಟ್ಟಣಿಗೆ ಹಿಡಿದು ಬೀದಿಗಿಳಿದ ಸಾವಿರಾರು ಹೆಂಗಸರಲ್ಲಿ ಎಲ್ಲ ಭಾಷೆಯವರೂ ಇದ್ದರು. ಗಂಡಸರ ನಿರುದ್ಯೋಗವನ್ನು ಮೊದಲು ಕಾಣುವವಳು ಹಿಟ್ಟಿನ ಡಬ್ಬಿ ತೆರೆಯುವ ಹೆಂಗಸು. ಮುಗ್ಗಟ್ಟಿನ ಚರಿತ್ರೆ ಬರೆಯುವವರು ಇದನ್ನು ಮರೆಯುತ್ತಾರೆ.

ಈ ಕಾರ್ಖಾನೆಗಳ ಯುಗದಲ್ಲಿ ಕನ್ನಡಿಗರ ಬದುಕಿನಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ನಡೆಯಿತು. ಗೋರೆಗಾಂವಿಗೆ ಬಂದವನು ಇಲ್ಲೇ ಖೋಲಿ ಮಾಡಿದ, ಹೆಂಡತಿಯನ್ನು ಕರೆತಂದ, ರೇಶನ್ ಕಾರ್ಡು ಮಾಡಿಸಿದ, ಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಿದ. ಅತ್ತ ಊರಿನ ಕಟ್ಟು ಸಡಿಲವಾಗುತ್ತಿತ್ತು. 1949ರ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಬಿಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಳೆಯ ಕಟ್ಟಿನ ಉಳಿದ ಬಿಗಿಯನ್ನೂ ತೆಗೆಯಿತು. 1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣೆ ಜಾರಿಗೆ ಬಂದು ಉಳುವವನಿಗೆ ಹೊಲ ಸಿಕ್ಕಿತು. ಅದು ನ್ಯಾಯವೇ, ದಕ್ಷಿಣ ಕನ್ನಡದ ಗೇಣಿದಾರ ತಲೆಯೆತ್ತಿ ನಡೆದದ್ದು ಆಗಲೇ. ಆದರೆ ಮುಂಬಯಿಯಲ್ಲಿ ಕುಳಿತು ಊರಿನಲ್ಲಿ ಗೇಣಿಗೆ ಕೊಟ್ಟಿದ್ದವನ ಗದ್ದೆ ಹೋಯಿತು, ಗೇಣಿ ಮನೆಯಿಂದ ಹೊರಟು ಮುಂಬಯಿಗೆ ಬಂದವನ ಹೆಸರು ಊರಿನಲ್ಲಿ ಉಳಿದ ಅಣ್ಣ ಭೂಮಿಗಾಗಿ ಸಲ್ಲಿಸಿದ ಡಿಕ್ಲರೇಶನ್‌ನಲ್ಲಿ ಎಷ್ಟೋ ಕಡೆ ಇರಲಿಲ್ಲ. ಊರು ಉಳಿಯಿತು. ಹಬ್ಬಕ್ಕೆ, ಕೋಲಕ್ಕೆ, ಮದುವೆಗೆ ಹೋಗುವ ಊರಾಗಿ ಉಳಿಯಿತು. ಕೆಲಸ ಹೋದ ದಿನ ಹೋಗಿ ಗಂಜಿಗೆ ಕೂರುವ ಹಕ್ಕಿನ ಊರು ಕರಗುತ್ತ ಬಂತು.

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಆಗ ಜಗತ್ತೂ ಇನ್ನೊಂದು ಹಿಂಜರಿತದಲ್ಲಿತ್ತು. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಗಿರಣಿಗಳೇ ಒಂದೊಂದಾಗಿ ಇಲ್ಲವಾದವು. ಕೊಂಕಣದ, ಘಟ್ಟದ ಕಾರ್ಮಿಕರು ಅರ್ಧಕ್ಕರ್ಧ ಹಳ್ಳಿಗೆ ಮರಳಿ ಅಲ್ಲಿ ಕೆಲಸವಿಲ್ಲದೆ ಮತ್ತೆ ಬಂದು ಕೈಗಾಡಿ ಹಿಡಿದರು. ಗೋರೆಗಾಂವಿನಲ್ಲೂ ಆ ದಶಕದಲ್ಲಿ ಮತ್ತು ಮುಂದಿನದರಲ್ಲಿ ಗೇಟಿಗೆ ಬೀಗ ಬಿದ್ದ ಕಾರ್ಖಾನೆಗಳು ಒಂದೆರಡಲ್ಲ. ನಿರ್ಲಾನಿನ ನೂಲು ನಿಂತಿತು. ನೆಸ್ಕೋದ ಅಂಗಳ 1990ರ ದಶಕದಲ್ಲಿ ವಸ್ತುಪ್ರದರ್ಶನ ಕೇಂದ್ರವಾಯಿತು. ನಮ್ಮ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿಗೆ 1986ರಲ್ಲಿ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಮುಂಬಯಿಯ ದುಡಿಮೆಗಾರರ ಸಂಘರ್ಷವನ್ನು ಕನ್ನಡ ಒಳಗಿನಿಂದ ಕಂಡಿತ್ತು ಎಂಬುದಕ್ಕೆ ಅದು ಸಾಕ್ಷಿ.

ಕನ್ನಡಿಗರು ಮಾತ್ರ ಮತ್ತೆ ತಮ್ಮ ಹಳೆಯ ಉಪಾಯಕ್ಕೇ ಮರಳಿದರು. ಬಿಲ್ಲವರ ಎಸೋಸಿಯೇಶನ್ 1978ರಲ್ಲೇ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಹುಟ್ಟುಹಾಕಿತ್ತು, ಜಯ ಸಿ. ಸುವರ್ಣರ ಅಧ್ಯಕ್ಷತೆಯಲ್ಲಿ ಅದು ಬಹುರಾಜ್ಯ ಬ್ಯಾಂಕಾಗಿ ಬೆಳೆಯಿತು. ಅದರ ಕೇಂದ್ರ ಕಚೇರಿ ಗೋರೆಗಾಂವ್ ಪೂರ್ವದಲ್ಲಿ, ಒಂದು ಕಾಲದಲ್ಲಿ ಯಂತ್ರಗಳು ತಿರುಗುತ್ತಿದ್ದ ಸೋನಾವಾಲಾ ರಸ್ತೆಯಲ್ಲೇ ಇದೆ. ಕೈಯಲ್ಲಿದ್ದ ಪರಿಹಾರದ ದುಡ್ಡಿಗೆ ಒಂದಿಷ್ಟು ಸಾಲ ಸೇರಿಸಿ ಜೆರಾಕ್ಸ್ ಅಂಗಡಿ, ರಿಕ್ಷಾ, ಸಣ್ಣ ಕ್ಯಾಂಟೀನು ಮಾಡಿಕೊಂಡವರು ಎಷ್ಟೋ ಜನ. ಒಬ್ಬನ ಕಾರ್ಖಾನೆ ಕೆಲಸ ಹೋದರೆ ಇಡೀ ಮನೆ ಕೆಲಸಕ್ಕಿಳಿಯುತ್ತಿತ್ತು: ಹೆಂಡತಿ ಹಪ್ಪಳ, ಚಕ್ಕುಲಿ; ಮಗ ಟ್ಯೂಷನ್; ಮಗಳು ಟೈಪಿಂಗ್.

ಹೀಗೆ ಬಂತು 2008.

ಆ ವರ್ಷದ ಜನವರಿ 10ರಂದು ಮುಂಬಯಿ ಶೇರುಪೇಟೆಯ ಸೂಚ್ಯಂಕ 21,000 ದಾಟಿತ್ತು. ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಅಕ್ಟೋಬರ್ 27ರಂದು ಸೂಚ್ಯಂಕ 8,000ದ ಕೆಳಗೂ ಇಳಿದು ಬಂತು. ಗೋರೆಗಾಂವ್ ಈ ಬಾರಿ ದೂರದ ಹಳ್ಳಿಯಾಗಿರಲಿಲ್ಲ. ನಿರ್ಲಾನಿನ ನೂಲು ಹೋದ ಜಾಗದಲ್ಲಿ ನಾಲೆಜ್ ಪಾರ್ಕಿನ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಲಿಂಕ್ ರಸ್ತೆಯ ಆಚೆ ಮಲಾಡಿನ ಮೈಂಡ್‌ಸ್ಪೇಸಿನಲ್ಲಿ ಕಾಲ್‌ಸೆಂಟರುಗಳು ರಾತ್ರಿಯಿಡೀ ಬೆಳಗುತ್ತಿದ್ದವು. ಅಮೆರಿಕದ ಕ್ರೆಡಿಟ್ ಕಾರ್ಡಿನ ಗ್ರಾಹಕನಿಗೆ ಉತ್ತರ ಕೊಡುತ್ತಿದ್ದುದು ಮೋತಿಲಾಲ್ ನಗರದ, ಜವಾಹರ್ ನಗರದ ಹುಡುಗ ಹುಡುಗಿಯರು. ಹೋಟೆಲಿನ ಮೇಜಿನ ಮೇಲೆ ಮಲಗಿ ರಾತ್ರಿ ಶಾಲೆ ಓದಿದವರ ಮೊಮ್ಮಕ್ಕಳು ಅವರಲ್ಲಿದ್ದರು. ವಾಲ್ ಸ್ಟ್ರೀಟಿನ ಮುಗ್ಗಟ್ಟು 1929ರಲ್ಲಿ ಭತ್ತದ ಬೆಲೆಯ ಮೂಲಕ ಬಂದಿತ್ತು, 2008ರಲ್ಲಿ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ಮೂಲಕ ಬಂತು. ಪಾಳಿ ಕಡಿಮೆಯಾಯಿತು, ತರಬೇತಿಯಲ್ಲಿದ್ದವರನ್ನು ಬಿಡಿಸಿದರು, ಬೋನಸ್ಸು ನಿಂತಿತು, ಮನೆಯಿಂದ ಕರೆದೊಯ್ಯುವ ಗಾಡಿ ಬರುವುದು ನಿಂತಿತು. ಗಾಡಿ ನಿಂತಾಗ ಅದರ ಚಾಲಕನ ಕೆಲಸವೂ ಹೋಯಿತು. ಅವನ ಹೆಸರು ಯಾವ ಕಂಪನಿಯ ಪಟ್ಟಿಯಲ್ಲೂ ಇರಲಿಲ್ಲ.

ಆರೆಯ ಗುಡ್ಡದ ಮೇಲೆ 1977ರಿಂದಿರುವ ಫಿಲ್ಮ್‌ಸಿಟಿಯ ಕತೆ ಇನ್ನೂ ಕಠಿಣ. 2008ರ ನವೆಂಬರ್‌ನಲ್ಲಿ ಪಗಾರದ ಬಾಬತ್ತಿನಲ್ಲಿ ಚಿತ್ರೋದ್ಯಮದ ಕಾರ್ಮಿಕರ ಒಕ್ಕೂಟ ಕೆಲಸ ನಿಲ್ಲಿಸಿತು, ಟಿ.ವಿ. ವಾಹಿನಿಗಳು ಕೆಲವು ದಿನ ಹಳೆಯ ಕಂತುಗಳನ್ನೇ ಹಾಕಿದವು. ಬಂಡವಾಳ ಹಾಕುವವರು ಕೈ ಹಿಂದೆಳೆದುಕೊಂಡಿದ್ದ ಹೊತ್ತಿಗೆ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್ ಮಾಲೀಕರಿಗೂ ಲಾಭದ ಪಾಲಿನ ಜಗಳ ಶುರುವಾಗಿ, 2009ರ ಏಪ್ರಿಲ್ 4ರಿಂದ ಜೂನ್ ಆರಂಭದವರೆಗೆ ಹೊಸ ಹಿಂದಿ ಚಿತ್ರಗಳು ಬಿಡುಗಡೆಯಾಗಲಿಲ್ಲ. ಲೈಟ್ ಹೊರುವವ, ಸೆಟ್ಟಿಗೆ ಮೊಳೆ ಹೊಡೆಯುವ ಬಡಗಿ, ಚಹಾ ಕೊಡುವ ಸ್ಪಾಟ್‌ಬಾಯ್, ಗುಂಪಿನಲ್ಲಿ ನಿಲ್ಲುವ ಜೂನಿಯರ್ ಆರ್ಟಿಸ್ಟ್, ಇವರೆಲ್ಲ ದಿನದ ಪಾಳಿಗೆ ದುಡಿಯುವವರು. ಶೂಟಿಂಗ್ ಇದ್ದರೆ ಕೂಲಿ, ಇಲ್ಲವಾದರೆ ಇಲ್ಲ. ಪರೇಲಿನ ಗೇಟಿನ ಬದಲಿಯೇ ಇಲ್ಲಿ ಹೊಸ ಬಟ್ಟೆ ತೊಟ್ಟು, ಕರೆ ಬಂದೀತೆಂದು ಮೊಬೈಲು ಹಿಡಿದು ಕೂತಿದ್ದ.

ಭಾರತ ಸರಕಾರದ ಲೇಬರ್ ಬ್ಯೂರೋ ಎಂಟು ಉದ್ಯಮಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ 2008ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರೇ ತಿಂಗಳಲ್ಲಿ ಸುಮಾರು 5 ಲಕ್ಷ ಕೆಲಸಗಳು ಹೋದವು. ಮುಂದಿನ ತ್ರೈಮಾಸಿಕಗಳಲ್ಲಿ ಕೆಲಸಗಳ ಸಂಖ್ಯೆ ಏರಿತು, ಮತ್ತೆ ಇಳಿಯಿತು, ಮತ್ತೆ ಏರಿತು. ದೇಶದ ಉತ್ಪನ್ನದ ಬೆಳವಣಿಗೆ ಶೇ. 9ರ ಮೇಲಿದ್ದದ್ದು 2008-09ರಲ್ಲಿ ಶೇ. 6.7ಕ್ಕೆ ಇಳಿದು ಮರುವರ್ಷವೇ ಶೇ. 8 ದಾಟಿತು. 2010ರ ದೀಪಾವಳಿಗೆ ಸೂಚ್ಯಂಕ ಮತ್ತೆ 21,000ದಲ್ಲಿತ್ತು. ಪತ್ರಿಕೆಗಳು ಮುಗ್ಗಟ್ಟು ಮುಗಿಯಿತೆಂದು ಬರೆದವು. ಆದರೆ 2009-10ರ ರಾಷ್ಟ್ರೀಯ ಮಾದರಿ ಸಮೀಕ್ಷೆ 2011ರಲ್ಲಿ ಹೊರಬಂದಾಗ ಕಂಡದ್ದು ಬೇರೆ: ಐದು ವರ್ಷಗಳಲ್ಲಿ ದೇಶದ ಉತ್ಪನ್ನ ಅಷ್ಟು ಬೆಳೆದರೂ ದುಡಿಯುವವರ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಮೆರಿಕದಲ್ಲೂ ಹಾಗೆಯೇ. 2009ರ ಅಕ್ಟೋಬರ್‌ನಲ್ಲಿ ಶೇ. 10 ಮುಟ್ಟಿದ ನಿರುದ್ಯೋಗ ಶೇ. 5ಕ್ಕೆ ಇಳಿಯಲು 2015 ಬರಬೇಕಾಯಿತು. ಬಂಡವಾಳ ಎರಡು ವರ್ಷದಲ್ಲಿ ಮರಳಿ ಎದ್ದರೆ ದುಡಿಮೆಗೆ ಏಳು ವರ್ಷ ಬೇಕಾಗುತ್ತದೆ.

ಈ ಸಲ ಗೋರೆಗಾಂವಿನ ನಿರುದ್ಯೋಗಿ ಎಲ್ಲಿಗೆ ಹೋದ? 1998ರ ಜನವರಿ 26ರಿಂದ ಕೊಂಕಣ ರೈಲು ಓಡುತ್ತಿತ್ತು. ಕಡಲು ಶಾಂತವಾಗುವುದನ್ನು ಕಾಯಬೇಕಿರಲಿಲ್ಲ, ರಾತ್ರಿ ಹತ್ತಿದರೆ ಮರುದಿನ ಉಡುಪಿ. ದಾರಿ ಸುಲಭವಾದ ಕಾಲಕ್ಕೆ ಹೋಗುವ ಕಾರಣವೇ ಉಳಿದಿರಲಿಲ್ಲ. ಗೋರೆಗಾಂವಿನಲ್ಲಿ ಹುಟ್ಟಿ ಬೆಳೆದ ಮಗಳಿಗೆ ಊರು ಅಜ್ಜಿಯ ಮನೆ, ಅಜ್ಜಿ ತೀರಿಕೊಂಡಿದ್ದರೆ ಬೀಗ ಹಾಕಿದ ಮನೆ. ಮನೆ ಸಾಲದ ಕಂತು, ಶಾಲೆಯ ಫೀಸು, ಅಮ್ಮನ ಔಷಧಿ ಎಲ್ಲವೂ ಇಲ್ಲಿವೆ. ಅತ್ತ ದುಬೈಯಿಂದಲೂ ಕೆಲಸ ಕಳೆದುಕೊಂಡವರು ಮಂಗಳೂರಿಗೆ ಮರಳುತ್ತಿದ್ದರು. ಹತ್ತಿರದವರಿಗೂ ಹೇಳದೆ, ದಿನಾ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಗೋರೆಗಾಂವ್ ಸ್ಟೇಷನ್ನಿಗೆ ನಡೆದು ರೈಲು ಹತ್ತಿ, ಸಂಜೆಯವರೆಗೆ ಎಲ್ಲೆಲ್ಲೋ ಅಲೆದು ಮನೆಗೆ ಬರುತ್ತಿದ್ದ ಗಂಡಸರನ್ನು ಈ ಉಪನಗರ ಕಂಡಿದೆ. ನೆರೆಯವರಿಗೆ ತಿಳಿದಿತ್ತು. ಯಾರೂ ಕೇಳುತ್ತಿರಲಿಲ್ಲ.

ಸರಕಾರದ ಕಡೆಯಿಂದ ಏನೂ ಇರಲಿಲ್ಲವೆಂದರೆ ತಪ್ಪಾಗುತ್ತದೆ. ಕಾರ್ಮಿಕರ ರಾಜ್ಯ ವಿಮಾ ನಿಗಮ 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ತಂದಿತ್ತು. ಕಾರ್ಖಾನೆ ಮುಚ್ಚಿ ಅಥವಾ ಕಡಿತವಾಗಿ ಕೆಲಸ ಹೋದ ವಿಮಾದಾರನಿಗೆ ಆರು ತಿಂಗಳು ಅರ್ಧ ಪಗಾರ, ಚಿಕಿತ್ಸೆ. ಮೊದಲಿಗೆ ಐದು ವರ್ಷ ವಂತಿಗೆ ಕಟ್ಟಿರಬೇಕೆಂಬ ನಿಯಮವಿತ್ತು. ಪಗಾರದ ಮಿತಿ ಆಗ ತಿಂಗಳಿಗೆ 10,000 ರೂಪಾಯಿ. ಕಾಲ್‌ಸೆಂಟರಿನ ಹುಡುಗಿಗೆ ಸಿಗುತ್ತಿದ್ದುದು ಅನೇಕ ವೇಳೆ ಅದಕ್ಕಿಂತ ಹೆಚ್ಚು, ಹಾಗಾಗಿ ಅವಳು ಹೊರಗೆ. ಸ್ಪಾಟ್‌ಬಾಯಿಗೆ ವಂತಿಗೆ ಕಟ್ಟುವ ಧಣಿಯೇ ಇಲ್ಲ, ಅವನೂ ಹೊರಗೆ. ಗುತ್ತಿಗೆಯ ಚಾಲಕ ಹೊರಗೆ. ಐದು ವರ್ಷ ವಂತಿಗೆ ಕಟ್ಟಿ ದುಡಿದ ಕಾರ್ಖಾನೆಯ ಕಾರ್ಮಿಕನಿಗಾಗಿ ಮಾಡಿದ ಯೋಜನೆ ಅದು. ಗೋರೆಗಾಂವಿನಲ್ಲಿ ಆ ಕಾರ್ಖಾನೆಗಳು ಅಷ್ಟರಲ್ಲಿ ಮುಚ್ಚಿಯಾಗಿದ್ದವು.

ಇನ್ನೊಂದು ಕಾಯಿದೆಯ ಮಾತು ಹೇಳಿ ಈ ಕಥನ ಮುಗಿಸಬೇಕು. ಕೆಲಸ ಕೇಳುವ ಹಕ್ಕನ್ನು ಕಾನೂನಾಗಿಸಿದ ಮೊದಲ ರಾಜ್ಯ ಮಹಾರಾಷ್ಟ್ರ. 1972ರ ಬರಗಾಲದಲ್ಲಿ ವಿ.ಎಸ್. ಪಾಗೆಯವರ ಕಲ್ಪನೆಯಿಂದ ಬೆಳೆದ ರೋಜ್‌ಗಾರ್ ಹಮಿ ಯೋಜನೆ 1977ರಲ್ಲಿ ಕಾಯಿದೆಯಾಗಿ 1979ರ ಜನವರಿ 26ರಂದು ಜಾರಿಗೆ ಬಂತು. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯಿದೆ ಅದರ ದಾರಿಯಲ್ಲೇ ನಡೆದು ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತು. ಎರಡೂ ಹಳ್ಳಿಗಳಿಗೆ. ಹಳ್ಳಿಗೆ ಕೊಟ್ಟದ್ದು ಸರಿಯಾದ್ದೇ. 1930ರ ದಶಕದಲ್ಲಿ ನಗರದ ನಿರುದ್ಯೋಗವನ್ನು ಹೊತ್ತ ಹಳ್ಳಿಗೆ ಅದು ತಡವಾಗಿ ಸಂದ ಋಣ. ಆದರೆ ರೋಜ್‌ಗಾರ್ ಹಮಿ ಯೋಜನೆಗೆ ಹಣ ಹೊಂದಿಸಲೆಂದು ಮಹಾರಾಷ್ಟ್ರ 1975ರಲ್ಲಿ ವೃತ್ತಿ ತೆರಿಗೆ ವಿಧಿಸಿತು. ಗೋರೆಗಾಂವಿನ ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವವರ ಪಗಾರದಿಂದ ಅದು ತಿಂಗಳು ತಿಂಗಳೂ ಕಡಿತವಾಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 2,500 ರೂಪಾಯಿ. ಕೆಲಸ ಇದ್ದಾಗ ಹೀಗೆ ಇತರರ ಕೆಲಸಕ್ಕೆ ಕಂತು ಕಟ್ಟಿದವರಿಗೆ, 2008ರಲ್ಲಿ ತಮ್ಮ ಕೆಲಸ ಹೋದಾಗ, ಈ ನಗರದಲ್ಲಿ ಒಂದು ದಿನದ ಕೆಲಸ ಕೊಡುವಂತೆಯೂ ಕೇಳುವ ಹಕ್ಕು ಯಾವ ಕಾಯಿದೆಯಲ್ಲೂ ಇರಲಿಲ್ಲ.